ಹಳೇ ಎಸ್ಟೀಮ್‌ಗೆ ನಾಲ್ಕು ಪಿಸ್ಟನ್ ಕ್ಯಾಲಿಪರ್ ಬೇಕಾ?

ಪ್ರಶ್ನೆ: ನಮ್ಮದು 1999ರ ಮಾರುತಿ ಎಸ್ಟೀಮ್, ಅಪ್ಪನ ಕಾರು, ಕೆಎ-25 ನಂಬರು. ಮನೆ ಧಾರವಾಡದ ಸಪ್ತಾಪುರದಲ್ಲಿ. ಕಳೆದ ತಿಂಗಳು ನಾಲ್ಕು ಜನ ಲಗೇಜ್ ಸಮೇತ ಗೋಕರ್ಣಕ್ಕೆ ಹೊರಟಿದ್ದೆವು. ಅರಬೈಲ್ ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಗೇರು, ಹ್ಯಾಂಡ್ ಬ್ರೇಕ್ ಹಿಡಿದು ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಸರಿ ಇತ್ತು! ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಇದೇ ಅಳತೆಯ ಹೊಸ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಭಾಗ) ಹಾಕಿಸು ಅಂತ ಒಬ್ಬರು, ಹುಬ್ಬಳ್ಳಿ ಗುಜರಿಯಿಂದ ದೊಡ್ಡ ಕಾರಿನ ಕ್ಯಾಲಿಪರ್ ಮತ್ತು ಡಿಸ್ಕ್ ತಂದು ಕೂರಿಸು ಅಂತ ಇನ್ನೊಬ್ಬರು. ನನಗೆ ಆಸೆ ಇರೋದು ಆನ್‌ಲೈನ್‌ನಲ್ಲಿ ಸಿಗುವ ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ ಕಿಟ್ ಮೇಲೆ. ಮೂರರಲ್ಲಿ ಯಾವುದು ಒಳ್ಳೇದು?

ಉತ್ತರ: ಪೆಡಲ್ ಒಳಗೆ ಹೋಯಿತು, ಅರ್ಧ ಗಂಟೆಗೆ ವಾಪಸ್ ಬಂತು ಅಂದಿರಲ್ಲ, ಅರ್ಧ ಉತ್ತರ ಆ ಸಾಲಿನಲ್ಲೇ ಇದೆ. ಘಟ್ಟದಲ್ಲಿ ಬ್ರೇಕ್ ಕೈ ಕೊಡೋದು ಎರಡು ಥರ. ಒಂದರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ನೀವು ಎಷ್ಟೇ ತುಳಿದರೂ ಕಾರು ಮಾತ್ರ ಕೇಳುವುದಿಲ್ಲ. ಅದು ಪ್ಯಾಡ್ ಕಾದು ಹಿಡಿತ ಬಿಟ್ಟಿದ್ದು. ಇನ್ನೊಂದರಲ್ಲಿ ಪೆಡಲ್ಲೇ ಸ್ಪಂಜಿನ ಹಾಗೆ ಕುಸಿಯುತ್ತದೆ. ಅದು ಕ್ಯಾಲಿಪರ್ ಒಳಗಿನ ಬ್ರೇಕ್ ಆಯಿಲ್ ಕುದಿದಿದ್ದು. ಆಯಿಲನ್ನು ಅದುಮಲು ಆಗಲ್ಲ, ಹಬೆಯನ್ನು ಅದುಮಬಹುದು. ಹಾಗಾಗಿ ನಿಮ್ಮ ಕಾಲಿನ ಬಲವೆಲ್ಲ ಹಬೆಯ ಗುಳ್ಳೆ ಹಿಚುಕೋದಕ್ಕೇ ಖರ್ಚಾಗುತ್ತದೆ. ಆರಿದ ಮೇಲೆ ಹಬೆ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಏನೂ ಆಗಿಲ್ಲ ಅನ್ನೋ ಹಾಗೆ ಮೇಲೆ ಬರುತ್ತದೆ. ನಿಮಗೆ ಆಗಿರೋದು ಇದೇ.

ಹಾಗಾದರೆ ಆ ಆಯಿಲ್‌ಗೆ ಎಷ್ಟು ವಯಸ್ಸು? ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಕುಡಿಯುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸದಕ್ಕೆ 230, ನೀರು ಕುಡಿದಿದ್ದಕ್ಕೆ 155. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು ಅನ್ನೋದು ಇದಕ್ಕೇ. ನಮ್ಮ ಕಡೆ ಮಾಡೋದೇನು? ಡಬ್ಬಿಯಲ್ಲಿ ಕಡಿಮೆ ಆದಾಗ ಮೇಲಿಂದ ಸ್ವಲ್ಪ ಹುಯ್ಯುತ್ತೇವೆ, ಅಷ್ಟೇ. ಮೇಲೆ ಹೊಸದು ತಿಳಿಯಾಗಿ ಕಾಣುತ್ತದೆ, ಕೆಳಗೆ ಕ್ಯಾಲಿಪರ್‌ನಲ್ಲಿ ಹತ್ತು ವರ್ಷದ ಹಳೇದು ಕರಿ ಚಹಾದ ಹಾಗೆ ಕೂತಿರುತ್ತದೆ.

ಘಟ್ಟ ಅಂದರೆ ಬ್ರೇಕ್‌ಗೆ ಎಷ್ಟು ಕೆಲಸ ಅಂತ ಒಂದು ಲೆಕ್ಕ ಹಾಕೋಣ. ಎಸ್ಟೀಮ್ ತೂಕ 900 ಕೆಜಿ ಆಸುಪಾಸು. ನಾಲ್ಕು ಜನ, ಬ್ಯಾಗು ಎಲ್ಲ ಸೇರಿ 1200 ಅಂತ ಇಟ್ಟುಕೊಳ್ಳಿ. ಬೈಪಾಸ್‌ನಲ್ಲಿ 100ರ ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 460 ಕಿಲೋಜೌಲ್. ಅದೇ ಕಾರು ಘಟ್ಟದಲ್ಲಿ ಬರೀ 100 ಮೀಟರ್ ಎತ್ತರ ಇಳಿದರೆ 1180 ಕಿಲೋಜೌಲ್ ಹತ್ತಿರ. ಅಂದರೆ ಪ್ರತಿ 100 ಮೀಟರ್ ಇಳಿತಕ್ಕೂ ನೀವು 100ರ ವೇಗದಿಂದ ಎರಡೂವರೆ ಸಲ ಗಕ್ಕನೆ ನಿಲ್ಲಿಸಿದ ಲೆಕ್ಕ, ಅದೂ ಮಧ್ಯೆ ಆರಲು ಬಿಡದೆ! ಗಾಳಿ ಮತ್ತು ಎಂಜಿನ್ ಒಂದಷ್ಟು ತಡೆಯುತ್ತವೆ, ನಿಜ. ಆದರೆ ನಾಲ್ಕನೇ ಗೇರಿನಲ್ಲಿ ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು, ಮುಂದಿನ ಲಾರಿಯ ಹಿಂದೆ ತೆವಳುತ್ತಾ ಇಳಿದರೆ ಎಂಜಿನ್ ಸಹಾಯ ಹೆಚ್ಚೇನೂ ಸಿಗಲ್ಲ. ಕಾರು ಯಾವ ಗೇರಿನಲ್ಲಿತ್ತು ಅಂತ ನೀವು ಬರೆದಿಲ್ಲ. ಎರಡರಲ್ಲಿ ಇರಲಿಲ್ಲ ಅಂತ ನನ್ನ ಗುಮಾನಿ.

ಇನ್ನು ಸುಟ್ಟ ವಾಸನೆ. ಎರಡೂ ಕಡೆ ಬಂತಾ, ಒಂದೇ ಚಕ್ರದಿಂದಾ? ಒಂದೇ ಕಡೆ ಆಗಿದ್ದರೆ ಅಲ್ಲಿ ಕ್ಯಾಲಿಪರ್ ಜಾಮ್ ಆಗಿದೆ, ಘಟ್ಟಕ್ಕೆ ಹೋಗೋ ಮೊದಲೇ ಜಾಮ್ ಆಗಿತ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮೂರು ಕ್ಯಾಲಿಪರ್ ಹೋಲಿಸಬೇಕಾದರೆ ಈಗ ಇರೋದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು.

ನಿಮ್ಮ ಕಾರಿನದ್ದು ತೇಲುವ ಕ್ಯಾಲಿಪರ್. ಪಿಸ್ಟನ್ ಒಂದೇ, ಒಳಗಡೆ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಮೈ ಪೂರ್ತಿ ಎರಡು ಪಿನ್ನಿನ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಇಕ್ಕಳದ ಹಾಗೆ. ಇಡೀ ಜಾಣತನ ಇರೋದು ಆ ಎರಡು ಪಿನ್ ಸಲೀಸಾಗಿ ಜಾರೋದರಲ್ಲಿ. ಕಾಲು ತೆಗೆದ ಮೇಲೆ ಪಿಸ್ಟನ್ ಹಿಂದೆ ಬರೋದಕ್ಕೆ ಸ್ಪ್ರಿಂಗ್ ಏನೂ ಇಲ್ಲ. ಅದರ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತುವಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ನೇರ ಆಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. 25 ವರ್ಷದ ರಬ್ಬರ್ ಇದನ್ನ ಮಾಡುತ್ತಾ ಅಂತ ನೀವೇ ಯೋಚಿಸಿ.

ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ಹೋದ ಮಳೆಗಾಲದ ನಂತರ ಇದೇ ಥರದ ಒಂದು ಕಾರು ಬಿಚ್ಚಿದ್ದೆವು. ಅಣ್ಣಿಗೇರಿ ಕಡೆಯ ಗಾಡಿ, ದಿನಾ ಹೊಲದ ದಾರಿಯಲ್ಲಿ ಓಡಾಟ. ಬಲಗಡೆ ಕ್ಯಾಲಿಪರ್‌ನಲ್ಲಿ ಹೊರಗಿನ ಪ್ಯಾಡ್ 9 ಮಿಮೀ ಇತ್ತು, ಒಳಗಿನದು 2. ಕೆಳಗಿನ ಪಿನ್ನಿನ ರಬ್ಬರ್ ಟೋಪಿ ಹರಿದು ಒಳಗೆ ಎರೆ ಮಣ್ಣು ಹೋಗಿ ಗ್ರೀಸ್ ಜೊತೆ ಸೇರಿ ಡಾಂಬರಿನ ಹಾಗೆ ಕಟ್ಟಿತ್ತು. ಪಿನ್ನನ್ನು ಕೈಯಲ್ಲಿ ತಿರುಗಿಸೋಕೆ ಆಗಲಿಲ್ಲ, ಪೈಪ್ ರೆಂಚ್ ಹಾಕಬೇಕಾಯಿತು. ಹೊರಗೆ ಬಂದಾಗ ಅದರ ಮೈ ಮೇಲೆ ತುಕ್ಕಿನ ಉಂಗುರ. ಅಷ್ಟು ದಿನ ಆ ಚಕ್ರದಲ್ಲಿ ಒಂದೇ ಪ್ಯಾಡ್ ಕೆಲಸ ಮಾಡಿದೆ, ಬ್ರೇಕ್ ಒತ್ತದೇ ಇದ್ದಾಗಲೂ ಡಿಸ್ಕ್‌ಗೆ ಉಜ್ಜುತ್ತಾ ಇದೆ. ಕಾರಿನ ಮಾಲೀಕರದ್ದೂ ನಿಮ್ಮದೇ ಪ್ರಶ್ನೆ: ದೊಡ್ಡ ಕ್ಯಾಲಿಪರ್ ಹಾಕಿಸಲಾ? ಎರಡು ಪಿನ್, ಸೀಲ್ ಕಿಟ್, ಹೊಸ ಪ್ಯಾಡ್, ಹೊಸ ಆಯಿಲ್ ಹಾಕಿ ಕಳಿಸಿದೆವು. ಆಮೇಲೆ ಆ ಮಾತೇ ಎತ್ತಲಿಲ್ಲ.

ಹಾಗಾಗಿ ನಿಮ್ಮ ಮೊದಲನೇ ದಾರಿಯನ್ನು ಕೀಳಾಗಿ ನೋಡಬೇಡಿ. ಅದೇ ಅಳತೆಯ ಹೊಸ ಕ್ಯಾಲಿಪರ್, ಅಥವಾ ಇರೋದನ್ನೇ ಬಿಚ್ಚಿ ಸೀಲ್ ಕಿಟ್ ಹಾಕೋದು. ಪಿಸ್ಟನ್ ಮೇಲಿನ ಹೊಳಪು ಎದ್ದು ಗುಳಿ ಬಿದ್ದಿದ್ದರೆ ಪಿಸ್ಟನ್ ಬದಲಿಸಿ, ಸ್ಯಾಂಡ್ ಪೇಪರ್ ಹಾಕಿ ಉಜ್ಜೋ ಕೆಲಸ ಬೇಡ. ಪಿನ್ನಿಗೆ ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಬೇಡಿ, ಅದರ ಎಣ್ಣೆಗೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ತನ್ನಿ. ಇನ್ನೊಂದು, ನಮ್ಮ ಮಿಸ್ತ್ರಿಗಳಿಗೆ ಸೀಮೆಎಣ್ಣೆ, ಪೆಟ್ರೋಲ್ ತಟ್ಟೆಯಲ್ಲಿ ಎಲ್ಲಾ ತೊಳೆಯೋ ಅಭ್ಯಾಸ ಇದೆಯಲ್ಲ, ಬ್ರೇಕಿನ ರಬ್ಬರ್ ಭಾಗಗಳನ್ನು ಅದರಲ್ಲಿ ಅದ್ದಲು ಬಿಡಬೇಡಿ. ಅದಕ್ಕೆ ಹೊಸ ಬ್ರೇಕ್ ಆಯಿಲ್ಲೇ ಸಾಕು. ಚಕ್ರದ ಹತ್ತಿರ ಬರುವ ರಬ್ಬರ್ ಹೋಸ್ ಕೂಡ ಬದಲಿಸಿ. ಹಳೇ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ರಬ್ಬರ್ ಪದರ ಎದ್ದು ಬಾಗಿಲಿನ ಹಾಗೆ ಅಡ್ಡ ನಿಲ್ಲುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರಲ್ಲ. ಜನ ಇದಕ್ಕೆ ಕ್ಯಾಲಿಪರ್ ಬದಲಿಸಿ ದುಡ್ಡು ಕಳೆದುಕೊಂಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮ ಆಸೆಯ ಕೆಂಪು ಕ್ಯಾಲಿಪರ್‌ಗೆ ಬರೋಣ. ನಾಲ್ಕು ಪಿಸ್ಟನ್ ಅಂದರೆ ಒಂದಕ್ಕಿಂತ ನಾಲ್ಕು ಪಟ್ಟು ಬಲ ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲ. ಎಣಿಸಬೇಕಾದ್ದು ಪಿಸ್ಟನ್ನಿನ ಸಂಖ್ಯೆ ಅಲ್ಲ, ವಿಸ್ತೀರ್ಣ. 54 ಮಿಮೀ ವ್ಯಾಸದ ಒಂದು ಪಿಸ್ಟನ್ ಇರುವ ತೇಲುವ ಕ್ಯಾಲಿಪರ್ ತೆಗೆದುಕೊಳ್ಳಿ. ವಿಸ್ತೀರ್ಣ 2290 ಚದರ ಮಿಮೀ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್‌ನಲ್ಲಿ ಮೈ ಜಾರುವುದಿಲ್ಲ, ಎರಡು ಪಿಸ್ಟನ್ ಒಳಗಿಂದ, ಎರಡು ಹೊರಗಿಂದ ಎದುರುಬದುರು ಒತ್ತುತ್ತವೆ. ಲೆಕ್ಕಕ್ಕೆ ಒಂದು ಕಡೆಯದ್ದು ಮಾತ್ರ ಹಿಡಿಯಬೇಕು. 38 ಮಿಮೀ ಪಿಸ್ಟನ್ ಆದರೆ ಒಂದಕ್ಕೆ 1134, ಎರಡಕ್ಕೆ 2268. ಅಂದರೆ 54ರ ಒಂಟಿ ಪಿಸ್ಟನ್ನೂ 38ರ ನಾಲ್ಕು ಪಿಸ್ಟನ್ನೂ ಡಿಸ್ಕನ್ನು ಹೆಚ್ಚುಕಡಿಮೆ ಒಂದೇ ಬಲದಲ್ಲಿ ಹಿಡಿಯುತ್ತವೆ! ಎಷ್ಟೋ ಕಿಟ್‌ಗಳಲ್ಲಿ ಇನ್ನೂ ಸಣ್ಣ ಪಿಸ್ಟನ್ ಬರುತ್ತದೆ. ಅಂಥದ್ದನ್ನು ನೋಡದೆ ತಂದು ಹಾಕಿದರೆ ಮೊದಲಿಗಿಂತ ಜೋರಾಗಿ ತುಳಿಯಬೇಕಾಗುತ್ತದೆ.

ಪ್ಯಾಡ್ ದೊಡ್ಡದಾದರೆ ಹಿಡಿತ ಜಾಸ್ತಿ ಅನ್ನೋದೂ ಹಾಗೇ. ಒತ್ತುವ ಬಲ ಒಂದೇ ಇದ್ದರೆ ಪ್ಯಾಡಿನ ಅಗಲದಿಂದ ಹಿಡಿತ ಬದಲಾಗಲ್ಲ. ಪ್ಯಾಡ್ ನಿಧಾನ ಸವೆಯುತ್ತದೆ, ಕಾವು ಹಂಚಿಹೋಗುತ್ತದೆ.

ಹಾಗಂತ ನಾಲ್ಕು ಪಿಸ್ಟನ್ ಕ್ಯಾಲಿಪರ್ ಸುಳ್ಳಲ್ಲ. ಮೈ ಬಿಗಿ, ಹಾಗಾಗಿ ಪೆಡಲ್ ಕಾಲಿಗೆ ಖಚಿತವಾಗಿ ಸಿಗುತ್ತದೆ. ಉದ್ದದ ಪ್ಯಾಡಿನ ಮೇಲೆ ಒತ್ತಡ ಸಮನಾಗಿ ಬೀಳುತ್ತದೆ. ಅಲ್ಯೂಮಿನಿಯಂ ಆದ್ದರಿಂದ ತೂಕ ಕಡಿಮೆ. ಹಿಡಿದುಕೊಳ್ಳೋಕೆ ಜಾರುವ ಪಿನ್ನೂ ಇಲ್ಲ. ಭಾರದ, ವೇಗದ ಕಾರಿಗೆ, ರೇಸಿಗೆ ಇವೆಲ್ಲ ಬೇಕು. ನಿಮ್ಮ ಕಾರಿಗೆ ಮೂರು ತೊಡಕು. ಚಕ್ರ 13 ಇಂಚು, ಅಂದರೆ 330 ಮಿಮೀ, ಒಳಗೆ ನಿಜವಾಗಿ ಸಿಗುವ ಜಾಗ ಅದಕ್ಕಿಂತ ಕಡಿಮೆ. ತೇಲುವ ಕ್ಯಾಲಿಪರ್‌ನ ಹೊರಮೈ ತೆಳ್ಳಗೆ ಇರುತ್ತದೆ. ನಾಲ್ಕು ಪಿಸ್ಟನ್ನಿನದ್ದರಲ್ಲಿ ಹೊರಗೂ ಪಿಸ್ಟನ್ ಇರೋದರಿಂದ ಹೊಟ್ಟೆ ಮುಂದೆ ಬಂದು ಚಕ್ರದ ಕಡ್ಡಿಗೆ ತಾಗುತ್ತದೆ. ಆಮೇಲೆ 15 ಇಂಚಿನ ಅಲಾಯ್, ಹೊಸ ಟೈರ್ ಅಂತ ಖರ್ಚು ಬೆಳೆಯುತ್ತಾ ಹೋಗುತ್ತದೆ. ಎರಡನೇದು ಬ್ರಾಕೆಟ್. ಕ್ಯಾಲಿಪರ್ ಎಷ್ಟೇ ಒಳ್ಳೇದಿರಲಿ, ಅದನ್ನು ನಿಮ್ಮ ಹಬ್‌ಗೆ ಹಿಡಿಯೋದು ಯಾರೋ ಲೇಥಿನವರು ಕೊರೆದುಕೊಟ್ಟ ಒಂದು ತುಂಡು ಪ್ಲೇಟು. ಘಟ್ಟದಲ್ಲಿ ಇಡೀ ಕಾರಿನ ಭಾರ ಬೀಳೋದು ಅದರ ಮೇಲೆ. ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಚೆನ್ನಾಗಿ ಮಿಲ್ಲಿಂಗ್ ಮಾಡೋರು ಇದ್ದಾರೆ, ಆದರೆ ಯಾವ ಉಕ್ಕು, ಎಷ್ಟು ದಪ್ಪ, ಯಾವ ದರ್ಜೆಯ ಬೋಲ್ಟ್ ಅಂತ ಲೆಕ್ಕ ಮಾಡಿಕೊಡೋರು ಯಾರು?

ಮೂರನೇದು ಧೂಳು. ರೇಸಿಗೆಂದು ಮಾಡಿದ ಎಷ್ಟೋ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನಿಗೆ ಧೂಳಿನ ರಬ್ಬರ್ ಟೋಪಿಯೇ ಇರುವುದಿಲ್ಲ, ಅವರು ಆಗಾಗ ಬಿಚ್ಚಿ ಸೀಲ್ ಬದಲಿಸುತ್ತಲೇ ಇರುತ್ತಾರೆ. ಧಾರವಾಡದ ಕೆಂಪು ಧೂಳಿನಲ್ಲಿ, ಮಳೆ ಬಂದಾಗ ನವಲಗುಂದ, ಗದಗ ಕಡೆಯ ಎರೆ ಕೆಸರಿನಲ್ಲಿ ಅಂಥದ್ದು ಎಷ್ಟು ದಿನ ತಾಳೀತು? ಕಿಟ್ ತರಿಸೋದೇ ಆದರೆ ಧೂಳಿನ ಟೋಪಿ ಇದೆಯಾ, ಸೀಲ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಎರಡೂ ಇಲ್ಲ ಅಂದರೆ ಬಿಟ್ಟುಬಿಡಿ. ಹೆಸರುವಾಸಿ ಇಟಾಲಿಯನ್ ಬ್ರ್ಯಾಂಡಿನ ಹೆಸರು ಕೆತ್ತಿದ, ನಂಬೋಕೇ ಆಗದ ಕಡಿಮೆ ಬೆಲೆಯ ನಕಲುಗಳೂ ಓಡಾಡುತ್ತಿವೆ. ಮಾಮೂಲಿ ಕ್ಯಾಲಿಪರ್ ಮೇಲೆ ಕವಚದ ಹಾಗೆ ಅಂಟಿಸುವ ಕೆಂಪು ಪ್ಲಾಸ್ಟಿಕ್ ಕವರ್ ಕೂಡ ಸಿಗುತ್ತದೆ, ಅದಂತೂ ಬರೀ ಕಾವು ಹಿಡಿದಿಡುತ್ತದೆ.

ಉಳಿದಿದ್ದು ಗುಜರಿ ದಾರಿ. ನಿಜ ಹೇಳಬೇಕಂದರೆ ನನಗೆ ಮೂರರಲ್ಲಿ ಕುತೂಹಲ ಇರೋದು ಇದರ ಮೇಲೇ, ಆದರೆ ಎಡವಟ್ಟಾಗೋದೂ ಇದರಲ್ಲೇ ಜಾಸ್ತಿ. ನಿಮ್ಮ ಪಿಸ್ಟನ್ ಎಷ್ಟು ಅಂತ ವರ್ನಿಯರ್ ಇಟ್ಟು ಅಳೆಯಿರಿ. ಮಾತಿಗೆ 48 ಮಿಮೀ ಅಂತ ಇಟ್ಟುಕೊಳ್ಳೋಣ, ವಿಸ್ತೀರ್ಣ 1810. ಗುಜರಿಯಲ್ಲಿ 54ರದ್ದು ಸಿಕ್ಕಿತು ಅಂದರೆ ಬಲ ಸುಮಾರು ಶೇ. 27 ಹೆಚ್ಚು. ಜೊತೆಗೆ ಡಿಸ್ಕ್ ವ್ಯಾಸ 25 ಮಿಮೀ ಹೆಚ್ಚಾಗಿ, ಪ್ಯಾಡ್ ಕಚ್ಚುವ ಜಾಗ ಹಬ್ ಮಧ್ಯದಿಂದ 95ರ ಬದಲು 107 ಮಿಮೀ ದೂರ ಹೋಯಿತು ಅಂದರೆ ಇನ್ನೊಂದು ಶೇ. 13. ಎರಡೂ ಗುಣಿಸಿದರೆ ಮುಂದಿನ ಬ್ರೇಕ್ ಸುಮಾರು ಶೇ. 43 ಜೋರು. ಕೇಳೋಕೆ ಚೆಂದ ಇದೆ. ಆದರೆ ಹಿಂದಿನ ಡ್ರಮ್ ಬ್ರೇಕ್ ಹಾಗೇ ಇದೆಯಲ್ಲ? ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಈ ಕಾರಿನಲ್ಲಿ ಇಲ್ಲ. ಮೊದಲ ಮಳೆ ಬಿದ್ದ ದಿನ ಉಣಕಲ್ ಇಳಿಜಾರಿನಲ್ಲಿ ಸ್ವಲ್ಪ ಗಟ್ಟಿ ತುಳಿದರೆ ಮುಂದಿನ ಚಕ್ರ ಲಾಕ್ ಆಗಿ ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಜಾರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗೋದಕ್ಕಿಂತ ಇದು ವಾಸಿ, ಆದರೂ ಬ್ರೇಕ್ ಸುಧಾರಿಸಿತು ಅಂತ ಹೇಳೋಕೆ ಆಗಲ್ಲ.

ಪೆಡಲ್ ಕಥೆಯೂ ಇದೆ. ದೊಡ್ಡ ಪಿಸ್ಟನ್ನಿಗೆ ಜಾಸ್ತಿ ಆಯಿಲ್ ಬೇಕು, ಕಳಿಸೋ ಮಾಸ್ಟರ್ ಸಿಲಿಂಡರ್ ಹಳೇದೇ. 20.6 ಮಿಮೀ ಮಾಸ್ಟರ್ ಅಂದುಕೊಂಡರೆ, ಪಿಸ್ಟನ್ ಅರ್ಧ ಮಿಮೀ ಸರಿಯಬೇಕಾದಾಗ ಪೆಡಲ್ ಮೊದಲಿಗಿಂತ ಸುಮಾರು 6 ಮಿಮೀ ಹೆಚ್ಚು ಕೆಳಗೆ ಹೋಗುತ್ತದೆ. ಅಷ್ಟೇ ಆದರೆ ಪರವಾಗಿಲ್ಲ. ಡಿಸ್ಕ್ ಸ್ವಲ್ಪ ಸೊಟ್ಟ ಇದ್ದು ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಇದು ಇನ್ನೂ ಬೆಳೆಯುತ್ತದೆ. ಮಾಸ್ಟರನ್ನು 22.2ರದ್ದಕ್ಕೆ ಬದಲಿಸಿದರೆ ಪೆಡಲ್ ಮೇಲೆ ಬರುತ್ತದೆ, ಒತ್ತಡ ಶೇ. 14 ಇಳಿಯುತ್ತದೆ. ಒಂದು ಕಡೆ ಪಡೆದಿದ್ದನ್ನು ಇನ್ನೊಂದು ಕಡೆ ಕೊಡಬೇಕು.

ಅದಕ್ಕೇ ಗುಜರಿಗೆ ಹೋದಾಗ ಕ್ಯಾಲಿಪರ್ ಹುಡುಕಬೇಡಿ, ಡಿಸ್ಕ್ ಹುಡುಕಿ. ಪಿಸ್ಟನ್ ನಿಮ್ಮದರಷ್ಟೇ ಇರಲಿ. ಡಿಸ್ಕ್ ಮಾತ್ರ ಸ್ವಲ್ಪ ದೊಡ್ಡದು, ಮಧ್ಯೆ ಗಾಳಿ ಕಿಂಡಿ ಇರುವುದು, ದಪ್ಪನೆಯದು ಇರಲಿ. ರೊಟ್ಟಿ ಹಂಚು ನೋಡಿಲ್ವಾ? ತೆಳ್ಳನೆಯದು ಬೇಗ ಕಾದು ರೊಟ್ಟಿ ಸೀಯುತ್ತದೆ, ದಪ್ಪನೆಯದು ಕಾಯೋಕೆ ಹೊತ್ತು ಹಿಡಿಯುತ್ತದೆ. ಡಿಸ್ಕಿನ ತೂಕ ಹೆಚ್ಚಿದಷ್ಟೂ ಅದೇ ಕಾವಿಗೆ ಉಷ್ಣತೆ ಕಡಿಮೆ ಏರುತ್ತದೆ, ಮಧ್ಯದ ಕಿಂಡಿಗಳು ಓಡುವಾಗ ಗಾಳಿ ಬೀಸಿ ಆರಿಸುತ್ತವೆ. ನಿಮ್ಮ ತೊಂದರೆ ಕಾವಿನದು. ಬಲದ್ದಲ್ಲ. ಅನುಮಾನ ಇದ್ದರೆ ಖಾಲಿ ಬಯಲಿನಲ್ಲಿ 40ರ ವೇಗದಲ್ಲಿ ಒಮ್ಮೆ ಗಟ್ಟಿ ತುಳಿದು ನೋಡಿ. ಚಕ್ರ ಲಾಕ್ ಆದರೆ ಈಗಿರುವ ಬ್ರೇಕ್ ಟೈರಿನ ಹಿಡಿತವನ್ನು ಮೀರಿಸುವಷ್ಟು ಬಲ ಕೊಡುತ್ತಿದೆ ಅಂತಲೇ ಅರ್ಥ. ಆಮೇಲೆ ಎಷ್ಟು ದೊಡ್ಡ ಕ್ಯಾಲಿಪರ್ ಹಾಕಿದರೂ ಅದಕ್ಕಿಂತ ಬೇಗ ನಿಲ್ಲಲ್ಲ, ಒಳ್ಳೇ ಟೈರ್ ಹಾಕಿದರೆ ನಿಂತೀತು.

ಗುಜರಿ ಮಾಲಿನಲ್ಲಿ ನಾನೂ ಮೂರ್ಖನಾಗಿದ್ದೇನೆ. ವರ್ಷಗಳ ಹಿಂದೆ ನನ್ನದೇ ಹಳೇ ಕಾರಿಗೆ ಒಂದು ಜೊತೆ ಕ್ಯಾಲಿಪರ್ ತಂದು ಒಂದು ಭಾನುವಾರ ಕೂರಿಸಿದೆ. ಬೋಲ್ಟ್ ಸರಿಯಾಗಿ ಕೂತವು, ಪ್ಯಾಡ್ ಕೂತವು, ಏರ್ ತೆಗೆಯೋಕೆ ಶುರು ಮಾಡಿದರೆ ಪೆಡಲ್ ಗಟ್ಟಿಯೇ ಆಗಲ್ಲ! ಒಂದಾದ ಮೇಲೆ ಒಂದು ಮೂರು ಬಾಟಲಿ ಆಯಿಲ್ ಹೋಯಿತು. ಮಗನಿಗೆ ಪೆಡಲ್ ತುಳಿದು ತುಳಿದು ಸಾಕಾಯಿತು. ಸಂಜೆ ಚಹಾ ಕುಡಿಯುತ್ತಾ ಸುಮ್ನೆ ಚಕ್ರದ ಕಡೆ ನೋಡುತ್ತಾ ಕೂತಿದ್ದಾಗ ಹೊಳೆಯಿತು, ಏರ್ ಬಿಡುವ ನಿಪ್ಪಲ್ ಕೆಳಗಡೆ ಇದೆ. ಎಡಗಡೆಯದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೆ. ಗಾಳಿ ಯಾವಾಗಲೂ ಮೇಲೆ ನಿಲ್ಲುತ್ತದೆ, ನಿಪ್ಪಲ್ ಕೆಳಗಿದ್ದರೆ ಅದು ಹೊರಗೆ ಬರೋದು ಹೇಗೆ? ನಿಪ್ಪಲ್ ಮೇಲಕ್ಕೆ ಇರಬೇಕು, ಇದೊಂದು ನೆನಪಿಟ್ಟುಕೊಳ್ಳಿ. ಕೊಳ್ಳುವಾಗಲೇ ಆ ನಿಪ್ಪಲ್ ತಿರುಗುತ್ತದಾ ಅಂತ ನೋಡಿ. ಜಂಗು ಹಿಡಿದು ಮುರಿದರೆ ಕ್ಯಾಲಿಪರ್ ಮತ್ತೆ ಗುಜರಿಗೇ ಹೋಗುತ್ತದೆ. ಡಿಸ್ಕ್ ಮಾತ್ರ ಹಳೇದು ಬೇಡ. ಅಳತೆ ನೋಡಿಕೊಂಡು ಬನ್ನಿ, ತರೋದು ಹೊಸದನ್ನೇ. ಅದರ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತದೆ.

ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಲಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಬೇಡ. ಮುಂದಿನ ಎಂಜಿನ್ನಿನ ಇಂಥ ಕಾರಿನಲ್ಲಿ ಬ್ರೇಕಿನ ಮುಕ್ಕಾಲು ಪಾಲು ಕೆಲಸ ಮುಂದೆಯೇ ಆಗೋದು. ಹಿಂದೆ ಡಿಸ್ಕ್ ಹಾಕಿದರೆ ಹ್ಯಾಂಡ್ ಬ್ರೇಕ್ ಎಲ್ಲಿ ಕೂರಿಸೋದು ಅನ್ನೋದೇ ದೊಡ್ಡ ತಲೆನೋವು. ಅವತ್ತು ಘಟ್ಟದಲ್ಲಿ ನಿಮ್ಮನ್ನು ಕಾಪಾಡಿದ್ದೇ ಆ ಹ್ಯಾಂಡ್ ಬ್ರೇಕ್.

ಕಾಗದದ ವಿಷಯ. ಕಾರು 1999ರದ್ದು, 15 ವರ್ಷ ಮುಗಿದು ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗುತ್ತಿರಬೇಕು, ಪ್ರತಿ ಸಲವೂ ಗಾಡಿ ತೋರಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಅದೇ ಅಳತೆಯ ಕ್ಯಾಲಿಪರ್, ಪ್ಯಾಡ್ ಹಾಕೋದು ರಿಪೇರಿ. ಬ್ರಾಕೆಟ್ ಕೊರೆಸಿ ಬೇರೆ ವ್ಯವಸ್ಥೆ ಕೂರಿಸೋದಕ್ಕೆ ಮೊದಲು ಆರ್‌ಟಿಒದಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಈಗಿರುವ ಎರಡೂ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್, ಹೊಸ ಪಿನ್, ಹೊಸ ಹೋಸ್, ಹೊಸ ಡಿಸ್ಕ್, ಒಳ್ಳೇ ಕಂಪನಿಯ ಪ್ಯಾಡ್, ಹಿಂದಿನ ಡ್ರಮ್ಮಿನ ಲೈನರ್ ಅಡ್ಜಸ್ಟ್, ಡಾಟ್ 4 ಆಯಿಲ್ ಪೂರ್ತಿ ಬದಲು. ಡಾಟ್ 5 ಅಂತ ಸಿಲಿಕೋನ್ ಆಯಿಲ್ ಇದೆ, ನಂಬರ್ ದೊಡ್ಡದು ಅಂತ ಅದನ್ನು ತರಬೇಡಿ, ಇದರ ಜೊತೆ ಸೇರಲ್ಲ. ಹೊಸ ಪ್ಯಾಡ್ ಹಾಕಿದ ದಿನವೇ ಘಟ್ಟಕ್ಕೆ ಹೊರಡಬೇಡಿ. ಬೆಳಿಗ್ಗೆ ಬೇಗ ಕಲಘಟಗಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ 50ರಿಂದ 10ಕ್ಕೆ ಹದವಾಗಿ ಇಳಿಸೋದನ್ನು ಹತ್ತು ಸಲ ಮಾಡಿ, ನಡುನಡುವೆ ಆರಲು ಬಿಡಿ. ಆಮೇಲೆ ಅರಬೈಲಿಗೆ ಹೋಗಿ, ಈ ಸಲ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಬೇಕಾದಾಗ ಗಟ್ಟಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಿ, ಕಾಲು ಸವರಿಕೊಂಡು ಹೋಗಬೇಡಿ. ಇಷ್ಟೆಲ್ಲ ಮಾಡಿಯೂ ಪೆಡಲ್ ಮೆತ್ತಗಾದರೆ ಆಗ ದೊಡ್ಡ ಡಿಸ್ಕಿನ ಮಾತಾಡೋಣ, ನಿಮ್ಮ ಪಿಸ್ಟನ್ ಮತ್ತು ಮಾಸ್ಟರ್ ಅಳತೆ ಬರೆದು ಕಳಿಸಿ.

ಕೆಂಪು ಬಣ್ಣದ ಆಸೆ ಹೋಗಲ್ಲ ಅಂದರೆ ಕಾವು ತಡೆಯುವ ಕ್ಯಾಲಿಪರ್ ಪೇಂಟ್ ಒಂದು ಡಬ್ಬಿ ತನ್ನಿ. ಸೀಲ್ ಕಿಟ್ ಹಾಕೋಕೆ ಹೇಗೂ ಬಿಚ್ಚಿರುತ್ತೀರಿ. ಪಿಸ್ಟನ್ ಬಾಯಿ, ಪಿನ್ನಿನ ತೂತು, ಪ್ಯಾಡ್ ಕೂರುವ ಜಾಗ, ನಿಪ್ಪಲ್ ಇಷ್ಟಕ್ಕೂ ಟೇಪ್ ಸುತ್ತಿ ಬಳಿಯಿರಿ. 13 ಇಂಚಿನ ಚಕ್ರದ ಸಂದಿಯಲ್ಲಿ ಅದೂ ಚೆನ್ನಾಗೇ ಕಾಣುತ್ತದೆ, ಧಾರವಾಡದ ಧೂಳು ಕೂತ ಮೇಲೆ ಹೇಗೂ ಎಲ್ಲಾ ಕೆಂಪೇ.